ಬಾಗ್ದಾದ್ ಮೂರೇ ವಾರದಲ್ಲಿ ಬಿತ್ತು, ಆಮೇಲೂ ಕಾದಾಟ ಯಾಕೆ ನಿಲ್ಲಲಿಲ್ಲ?

ಪ್ರಶ್ನೆ: 2003ರ ಮಾರ್ಚ್ 20ಕ್ಕೆ ಅಮೆರಿಕ ಇರಾಕಿಗೆ ನುಗ್ಗಿತು. ಏಪ್ರಿಲ್ 9ಕ್ಕೆ ಸದ್ದಾಂ ಪ್ರತಿಮೆ ಉರುಳಿತು. ಆ ವಿಡಿಯೊದಲ್ಲಿ ಜನ ಪ್ರತಿಮೆಗೆ ಚಪ್ಪಲಿಯಲ್ಲಿ ಬಾರಿಸುತ್ತಿದ್ದಾರೆ. ಅಂಥ ಜಾಗದಲ್ಲಿ ಅಮೆರಿಕದವರ ಮೇಲೆ ಬಂದೂಕು ಎದ್ದದ್ದು ಹೇಗೆ? ಷಿಯಾ–ಸುನ್ನಿ ಜಗಳ ಅಂತಾರೆ. ಅಷ್ಟೇನಾ?

ಲೆಕ್ಕದವನು: ಆಗ ನಾನು ಕುವೈತ್‌ನಲ್ಲಿ ಒಂದು ಸಾಗಣೆ ಕಂಪನಿಯ ಲೆಕ್ಕ ಬರೆಯುತ್ತಿದ್ದೆ. ನಮ್ಮ ಲಾರಿಗಳು ಸಫ್ವಾನ್ ಗಡಿ ದಾಟಿ ಬಾಗ್ದಾದ್‌ವರೆಗೂ ಹೋಗುತ್ತಿದ್ದವು. ಮೊದಲ ಬೇಸಿಗೆಯಲ್ಲಿ ಡ್ರೈವರ್‌ಗಳು ತರುತ್ತಿದ್ದದ್ದು ಬರೀ ಕಳ್ಳತನದ ಸುದ್ದಿ. ಸ್ಟೆಪ್ನಿ ಹೋಯ್ತು, ಟಾರ್ಪಾಲ್ ಹೋಯ್ತು. 2004ರ ಏಪ್ರಿಲ್‌ನಲ್ಲಿ ಬಂದ ಒಂದು ಲಾರಿಯ ಮುಂದಿನ ಗಾಜಿನಲ್ಲಿ ಮೂರು ತೂತು. ಡ್ರೈವರ್ ಕೀ ನನ್ನ ಮೇಜಿನ ಮೇಲಿಟ್ಟು, ಮಾತೇ ಆಡದೆ ಹೋದ. ಆ ಗಾಜಿನ ಖರ್ಚನ್ನು ಯಾವ ಖಾತೆಗೆ ಹಾಕೋದು ಅಂತ ನಾನು ಅರ್ಧ ದಿನ ಯೋಚಿಸಿದ್ದೆ!

ನಡುವೆ ಆಗಿದ್ದು ಇದು. 2003ರ ಮೇನಲ್ಲಿ ಇರಾಕಿನ ಆಡಳಿತಕ್ಕೆ ಅಮೆರಿಕ ಕಳಿಸಿದ್ದ ಪಾಲ್ ಬ್ರೆಮರ್ ಮೊದಲು ಸದ್ದಾಂನ ಬಾತ್ ಪಕ್ಷದ ಮೇಲಿನ ಸ್ತರದವರನ್ನು ಸರ್ಕಾರಿ ಕೆಲಸದಿಂದ ತೆಗೆದರು. ಕೆಲಸಕ್ಕಾಗಿ ಪಕ್ಷ ಸೇರಿದ್ದ ಎಷ್ಟೋ ಮೇಷ್ಟ್ರುಗಳೂ ಅದರಲ್ಲಿ ಹೋದರು. ಮೇ 23ಕ್ಕೆ ಇರಾಕಿನ ಇಡೀ ಸೈನ್ಯವೇ ರದ್ದು. ಲಕ್ಷಗಟ್ಟಲೆ ಜನಕ್ಕೆ ಸಂಬಳ ನಿಂತಿತು, ಬಂದೂಕು ಮಾತ್ರ ಮನೆಯಲ್ಲೇ ಉಳಿಯಿತು. ಮದ್ದುಗುಂಡಿನ ಎಷ್ಟೋ ಗೋದಾಮುಗಳಿಗೆ ಕಾವಲೇ ಇರಲಿಲ್ಲ. ತೈಲ ಸಚಿವಾಲಯಕ್ಕೆ ಮಾತ್ರ ಇತ್ತು.

ಇನ್ನೊಬ್ಬರು: ಹಾಗಾದ್ರೆ ಬಾಗ್ದಾದ್‌ನ ಪಶ್ಚಿಮಕ್ಕಿರುವ ಫಲ್ಲೂಜಾ ಊರು? ಸೈನ್ಯ ರದ್ದಾಗುವ ಮೊದಲೇ, ಏಪ್ರಿಲ್ 28ಕ್ಕೆ, ಅಲ್ಲಿ ಶಾಲೆಯಲ್ಲಿ ಬೀಡುಬಿಟ್ಟಿದ್ದ ಅಮೆರಿಕನ್ ಸೈನಿಕರು ಪ್ರತಿಭಟನೆಗೆ ಬಂದವರ ಮೇಲೆ ಗುಂಡು ಹಾರಿಸಿದರು. ಸತ್ತವರ ಮನೆಯವರಿಗೆ ಸಂಬಳದ ಲೆಕ್ಕ ಹೇಳಕ್ಕಾಗುತ್ತಾ?

ಲೆಕ್ಕದವನು: ಆಗಲ್ಲ, ಒಪ್ಪಿದೆ. ನಾನು ಲೆಕ್ಕದವನಲ್ವಾ, ಕಣ್ಣು ಮೊದಲು ದುಡ್ಡಿಗೇ ಹೋಗುತ್ತೆ. ಷಿಯಾ–ಸುನ್ನಿ ಕೊಲೆಗಳು ಮೊದಲೂ ಇದ್ದವು, ಆದರೆ ಕೈಮೀರಿದ್ದು 2006ರ ಫೆಬ್ರವರಿಯಲ್ಲಿ ಸಮಾರಾ ಊರಿನಲ್ಲಿ ಷಿಯಾಗಳಿಗೆ ಪವಿತ್ರವಾದ ಅಸ್ಕರಿ ಮಸೀದಿಯ ಚಿನ್ನದ ಗುಮ್ಮಟವನ್ನು ಬಾಂಬಿಟ್ಟು ಒಡೆದ ಮೇಲೆ. ಮುಂದಿನ ವರ್ಷ ಅಮೆರಿಕದವರೇ ಸುನ್ನಿ ಹುಡುಗರಿಗೆ ತಿಂಗಳಿಗೆ ಸುಮಾರು 300 ಡಾಲರ್ ಕೊಟ್ಟು ಅಲ್‌ಖೈದಾ ವಿರುದ್ಧ ನಿಲ್ಲಿಸಿದರು. ಸಹ್ವಾ ಅಂತ ಹೆಸರು. ಅವರಲ್ಲಿ ಎಷ್ಟೋ ಜನ ಹಿಂದೆ ಅಮೆರಿಕದವರಿಗೇ ಗುಂಡು ಹೊಡೆದವರು. ಮೊದಲೇ ಸೈನ್ಯದ ಸಂಬಳ ನಿಲ್ಲಿಸದೇ ಇದ್ದಿದ್ರೆ ಇದಕ್ಕಿಂತ ಅಗ್ಗಕ್ಕೆ ಆಗುತ್ತಿತ್ತೇನೋ.

ಪ್ರಶ್ನೆ ಕೇಳಿದವರು: ಆ ಡ್ರೈವರ್ ಮತ್ತೆ ಹೋದ್ರಾ?

ಲೆಕ್ಕದವನು: ಇನ್ನೆರಡು ಟ್ರಿಪ್ ಹೋದ. ಗಡಿ ದಾಟಿದರೆ ಭತ್ಯೆ ಜಾಸ್ತಿ ಇತ್ತು. ಜುಲೈನಲ್ಲಿ ಬೇರೆ ಕಂಪನಿಯ ಮೂವರು ಭಾರತೀಯ ಡ್ರೈವರ್‌ಗಳನ್ನು ಒತ್ತೆ ಹಿಡಿದ ಸುದ್ದಿ ಟಿವಿಯಲ್ಲಿ ಬಂತು. ಮಾರನೇ ದಿನ ಮತ್ತೆ ಕೀ ತಂದು ನನ್ನ ಮೇಜಿನ ಮೇಲಿಟ್ಟ.