ಬೋಟಿನಿಂದ ಮೇಲಕ್ಕೆ ರೇಡಿಯೊ, ಕೆಳಕ್ಕೆ ಶಬ್ದ: ಯಾಕೆ ಹೀಗೆ?

ಪ್ರಶ್ನೆ (ದ್ವಿತೀಯ ಪಿಯು ವಿದ್ಯಾರ್ಥಿನಿ, ಬೈತಖೋಲ, ಕಾರವಾರ): ನಮಸ್ತೆ ಸರ್. ಅಪ್ಪ ಟ್ರಾಲರ್ ಬೋಟಿಗೆ ಹೋಗುತ್ತಾರೆ. ಬೋಟುಗಳವರು ತಮ್ಮತಮ್ಮಲ್ಲಿ ಮಾತಾಡುವ ವಿಎಚ್‌ಎಫ್ ಸೆಟ್ ರೇಡಿಯೊ ತರಂಗದ್ದು. ನೀರಿನೊಳಗಿನ ಮೀನು ಪತ್ತೆ ಮಾಡುವ ಫಿಶ್ ಫೈಂಡರ್ ಮಾತ್ರ ಶಬ್ದದಿಂದ ನಡೆಯುತ್ತದಂತೆ. ರೇಡಿಯೊ ತರಂಗಕ್ಕೆ ಸೆಕೆಂಡಿಗೆ 3 ಲಕ್ಷ ಕಿ.ಮೀ. ವೇಗ. ನೀರಿನೊಳಗೂ ಅದನ್ನೇ ಯಾಕೆ ಬಿಡುವುದಿಲ್ಲ?

ಉತ್ತರ (ಭೌತಶಾಸ್ತ್ರ ಉಪನ್ಯಾಸಕ): ಒಳ್ಳೆಯ ಪ್ರಶ್ನೆಯಮ್ಮ. ಎಷ್ಟು ಬೇಗ ಹೋಗುತ್ತದೆ ಅನ್ನುವುದರ ಜೊತೆಗೆ ಎಷ್ಟು ದೂರ ಉಳಿಯುತ್ತದೆ ಅಂತಲೂ ಕೇಳಬೇಕು. ಸಮುದ್ರದ ನೀರಿನಲ್ಲಿ ಉಪ್ಪಿನ ಅಯಾನುಗಳಿವೆ, ಅಂದರೆ ವಿದ್ಯುದಾವೇಶವಿರುವ ಕಣಗಳು. ರೇಡಿಯೊ ತರಂಗದ ವಿದ್ಯುತ್ ಕ್ಷೇತ್ರ ಅವನ್ನು ಅತ್ತಿತ್ತ ಎಳೆದಾಡುತ್ತದೆ, ಕರೆಂಟು ಹರಿಯುತ್ತದೆ, ತರಂಗದ ಶಕ್ತಿಯೆಲ್ಲ ಶಾಖವಾಗಿ ಕಳೆದುಹೋಗುತ್ತದೆ. ವಿಎಚ್‌ಎಫ್ 16ನೇ ಚಾನೆಲ್ಲಿನ ಆವೃತ್ತಿ 156.8 ಮೆಗಾಹರ್ಟ್ಸ್. ಆ ತರಂಗದ ಪಾರ (ಅಲೆಯ ಏರಿಳಿತದ ಎತ್ತರ, ಆಂಪ್ಲಿಟ್ಯೂಡ್) ಉಪ್ಪುನೀರಿನಲ್ಲಿ ಪ್ರತಿ 2 ಸೆಂ.ಮೀ.ಗೆ ಸುಮಾರು ಶೇ. 37ಕ್ಕೆ ಇಳಿಯುತ್ತದೆ. 10 ಸೆಂ.ಮೀ. ಹೋಗುವಷ್ಟರಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ! ಬೆಳಕೂ ವಿದ್ಯುತ್ಕಾಂತೀಯ ತರಂಗವೇ, ಆದರೆ ಅದರ ಆವೃತ್ತಿಗೆ ನೀರು ದಾರಿ ಬಿಡುತ್ತದೆ. ನೇತ್ರಾಣಿಯಲ್ಲಿ ನೀರು ತಿಳಿಯಾಗಿದ್ದಾಗ ಡೈವ್ ಮಾಡಿದವರಿಗೆ ಹವಳ ಕಾಣುವುದು ಅದರಿಂದಲೇ.

ಶಬ್ದಕ್ಕೆ ಅಯಾನುಗಳ ಈ ಕಾಟವಿಲ್ಲ. ಸಮುದ್ರದ ನೀರಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1500 ಮೀ. ಅಪ್ಪನ ಯಂತ್ರ ಕಳಿಸಿದ ಶಬ್ದ ತಳಕ್ಕೆ ಬಡಿದು 0.04 ಸೆಕೆಂಡಿಗೆ ತಿರುಗಿ ಬಂತು ಅನ್ನು. ಅದು ನಡೆದ ದಾರಿ 60 ಮೀ., ಆಳ 30 ಮೀ. ಪರೀಕ್ಷೆಯಲ್ಲಿ ಈ ಎರಡರಿಂದ ಭಾಗಿಸುವುದನ್ನೇ ಮಕ್ಕಳು ಬಿಡುತ್ತಾರೆ. ಫಿಶ್ ಫೈಂಡರಿನಲ್ಲಿ ಸಾಮಾನ್ಯವಾಗಿ 50 ಇಲ್ಲವೇ 200 ಕಿಲೋಹರ್ಟ್ಸ್ ಇರುತ್ತದೆ. 200ಕ್ಕೆ ತರಂಗದೂರ (ಒಂದು ಅಲೆಯ ಉದ್ದ) 7.5 ಮಿ.ಮೀ., ಸಣ್ಣದೂ ಸ್ಪಷ್ಟವಾಗಿ ಕಾಣುತ್ತದೆ. 50ಕ್ಕೆ 3 ಸೆಂ.ಮೀ., ಅಷ್ಟು ಸ್ಪಷ್ಟವಿಲ್ಲ, ಆದರೆ ಹೆಚ್ಚು ಆಳಕ್ಕೆ ಮುಟ್ಟುತ್ತದೆ. ಮೀನಿನಿಂದ ಬರುವ ಪ್ರತಿಧ್ವನಿಯಲ್ಲಿ ದೊಡ್ಡ ಪಾಲು ಅದರ ಹೊಟ್ಟೆಯೊಳಗಿನ ಗಾಳಿಚೀಲದ್ದು.

ಪ್ರಶ್ನೆ (ಶಿರಸಿ): ಸರ್, ನೀರು ಗಾಳಿಗಿಂತ ಸಾಂದ್ರ, ಅದಕ್ಕೇ ಅದರಲ್ಲಿ ಶಬ್ದಕ್ಕೆ ವೇಗ ಹೆಚ್ಚು ಎಂದು ನನ್ನ ನೋಟ್ಸ್‌ನಲ್ಲಿದೆ. ಸರಿಯೇ?

ಉತ್ತರ: ಅಲ್ಲ, ದಯವಿಟ್ಟು ಇವತ್ತೇ ತಿದ್ದಿಕೊಳ್ಳಿ. ಸಾಂದ್ರತೆಯೊಂದೇ ಹೆಚ್ಚಿದರೆ ಶಬ್ದ ನಿಧಾನವಾಗುತ್ತದೆ. ಒತ್ತಿದರೆ ಕುಗ್ಗದ ಗುಣವನ್ನು, ಅಂದರೆ ಗಾತ್ರ ಸ್ಥಿತಿಸ್ಥಾಪಕತೆಯನ್ನು, ಸಾಂದ್ರತೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಸಿಗುವುದು ವೇಗ. ನೀರು ಗಾಳಿಗಿಂತ ಸುಮಾರು 830 ಪಟ್ಟು ಸಾಂದ್ರ. ಆದರೆ ಅದರ ಸ್ಥಿತಿಸ್ಥಾಪಕತೆ ಸುಮಾರು 15,500 ಪಟ್ಟು. ಭಾಗಿಸಿದರೆ 18.7, ವರ್ಗಮೂಲ 4.3. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀ., ಅದನ್ನು 4.3ರಿಂದ ಗುಣಿಸಿ, 1480ರ ಹತ್ತಿರ ಬರುತ್ತದೆ. ಸಮುದ್ರದ ಉಪ್ಪು ಅದನ್ನು ಇನ್ನಷ್ಟು ಏರಿಸುತ್ತದೆ. ಹೀಲಿಯಂ ನೋಡಿ, ಗಾಳಿಗಿಂತ ಎಷ್ಟೋ ಹಗುರ, ಆದರೂ ಅದರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1000 ಮೀ. ಹೋಗುತ್ತದೆ.

ಪ್ರಶ್ನೆ (ಅಂಕೋಲಾ): ಹಾಗಾದರೆ ನೌಕಾಪಡೆಯವರು ಮುಳುಗಿದ ಸಬ್‌ಮರೀನಿಗೆ ಸಂದೇಶ ಕಳಿಸುವುದು ಹೇಗೆ ಸರ್?

ಉತ್ತರ: ಆವೃತ್ತಿ ಇಳಿಸಿದಷ್ಟೂ ರೇಡಿಯೊ ಆಳಕ್ಕೆ ಇಳಿಯುತ್ತದೆ. 20 ಕಿಲೋಹರ್ಟ್ಸ್‌ನಲ್ಲಿ ಆ 2 ಸೆಂ.ಮೀ. ಬದಲು ಸುಮಾರು 1.8 ಮೀ. ಆದರೆ ಗಾಳಿಯಲ್ಲಿ ತರಂಗದೂರ 15 ಕಿ.ಮೀ., ಹಾಗಾಗಿ ಭಾರೀ ಎತ್ತರದ ಆಂಟೆನಾ ಗೋಪುರಗಳೇ ಬೇಕು. ನಮ್ಮ ನೌಕಾಪಡೆಗೆ ಅಂಥ ಕೇಂದ್ರ ತಮಿಳುನಾಡಿನ ತಿರುನೆಲ್ವೇಲಿ ಬಳಿ ಇದೆ, ಐಎನ್‌ಎಸ್ ಕಟ್ಟಬೊಮ್ಮನ್. ಸಬ್‌ಮರೀನ್ ಇನ್ನೂ ಆಳದಲ್ಲಿದ್ದರೆ ಉದ್ದನೆಯ ತಂತಿ ಆಂಟೆನಾವನ್ನು ನೀರಿನ ಮೇಲ್ಮೈಯತ್ತ ತೇಲಿಬಿಟ್ಟು ಸಂದೇಶ ಹಿಡಿಯುತ್ತದೆ.