ವಾರ್ಷಿಕ ಒಪ್ಪಂದದ ಸೇವೆ ನಮ್ಮ ವ್ಯವಹಾರಕ್ಕೆ ಹೊಂದುತ್ತದೆಯೇ? ಒಂದು ಪ್ರಶ್ನೆ, ನಾಲ್ವರ ಅನುಭವ

ಪ್ರಶ್ನೆ

ಕಚೇರಿಗಳ ಕಂಪ್ಯೂಟರ್ ಮತ್ತು ಪ್ರಿಂಟರ್‌ಗಳನ್ನು ದುರಸ್ತಿ ಮಾಡುವ ಸಣ್ಣ ಘಟಕವೊಂದನ್ನು ಇಬ್ಬರು ತಂತ್ರಜ್ಞರ ಜೊತೆ ನಡೆಸುತ್ತಿದ್ದೇನೆ. ಕೆಲಸ ಮುಗಿದ ಮೇಲೆ ಬಿಲ್ ಕೊಟ್ಟು ಹಣ ಪಡೆಯುವುದು ಈವರೆಗಿನ ಪದ್ಧತಿ. ಈಗ ಕೆಲವು ಗ್ರಾಹಕರು, ವರ್ಷಕ್ಕೊಮ್ಮೆ ಹಣ ಕಟ್ಟುತ್ತೇವೆ, ವರ್ಷವಿಡೀ ಯಂತ್ರಗಳನ್ನು ನೋಡಿಕೊಳ್ಳಿ ಎಂದು ಕೇಳುತ್ತಿದ್ದಾರೆ. ಮುಂಗಡವಾಗಿ ಹಣ ಬರುವುದರಿಂದ ಮನಸ್ಸು ಆ ಕಡೆ ವಾಲುತ್ತಿದೆ. ಇದು ನಮ್ಮಂಥವರಿಗೆ ಹೊಂದುತ್ತದೆಯೇ ಎಂದು ನಿರ್ಧರಿಸುವುದು ಹೇಗೆ? ಹೊಸ ಸೇವೆಯೊಂದನ್ನು ಸೇರಿಸಿ ನೋಡಿರುವವರು ದಯವಿಟ್ಟು ತಿಳಿಸಿ.

ಏರ್ ಕಂಡೀಷನರ್ ದುರಸ್ತಿ ಮಾಡುವವರು

ನಮಸ್ಕಾರ. ಬಿಡಿ ದುರಸ್ತಿ ಮತ್ತು ವಾರ್ಷಿಕ ಒಪ್ಪಂದ ಎರಡನ್ನೂ ನಡೆಸುತ್ತಿರುವುದರಿಂದ ನಿಮ್ಮ ಪ್ರಶ್ನೆ ನನಗೆ ಬಹಳ ಹತ್ತಿರದ್ದು. ಗ್ರಾಹಕರು ಕೇಳುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ತೀರ್ಮಾನಕ್ಕೆ ಬರಬೇಡಿ. ಕೇಳುತ್ತಿರುವವರು ಯಾರು ಎಂಬುದನ್ನು ಮೊದಲು ನೋಡಿ. ಯಂತ್ರ ಹೊಸದಾಗಿರುವವರು ಸಾಮಾನ್ಯವಾಗಿ ಒಪ್ಪಂದದ ಗೊಡವೆಗೆ ಹೋಗುವುದಿಲ್ಲ. ಮೇಲಿಂದ ಮೇಲೆ ಕೆಡುವ ಹಳೆಯ ಯಂತ್ರಗಳನ್ನು ಇಟ್ಟುಕೊಂಡವರೇ ಮುಂದಾಗಿ ಬರುತ್ತಾರೆ, ಹಾಗೆ ಬರುವುದರಲ್ಲಿ ಅವರ ತಪ್ಪೇನೂ ಇಲ್ಲ. ವಿಮಾ ಕಂಪನಿಗಳು ಪಾಲಿಸಿ ಕೊಡುವ ಮೊದಲು ಆರೋಗ್ಯ ತಪಾಸಣೆ ಕೇಳುವುದೂ ಇದೇ ಕಾರಣಕ್ಕೆ. ಆದ್ದರಿಂದ ಹಳೆಯ ಬಿಲ್‌ಗಳನ್ನು ತೆಗೆದು, ಒಪ್ಪಂದ ಕೇಳುತ್ತಿರುವ ಪ್ರತಿಯೊಬ್ಬರೂ ಕಳೆದ ವರ್ಷ ಎಷ್ಟು ಸಲ ಕರೆದಿದ್ದರು, ಪ್ರತಿ ಕರೆಗೆ ಪ್ರಯಾಣವೂ ಸೇರಿ ಎಷ್ಟು ಗಂಟೆ ಹಿಡಿಯಿತು, ಯಾವ ಬಿಡಿಭಾಗ ಬದಲಾಯಿತು ಎಂಬುದನ್ನು ಬರೆದುಕೊಳ್ಳಿ. ನಿಮ್ಮ ದರ ಈ ಲೆಕ್ಕದಿಂದ ಹುಟ್ಟಬೇಕು. ಬೇರೆಯವರು ಎಷ್ಟು ಕೇಳುತ್ತಾರೆ ಎಂಬುದನ್ನು ಆಮೇಲೆ ವಿಚಾರಿಸಿದರೆ ಸಾಕು.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಬಿಡಿ ದುರಸ್ತಿಯಲ್ಲಿ ಕೆಲಸ ಹೆಚ್ಚಾದ ದಿನ ನೀವು "ನಾಳೆ ಬರುತ್ತೇನೆ" ಎನ್ನಬಹುದು, ಬೇಡವೆಂದೂ ಹೇಳಬಹುದು. ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಆ ಸ್ವಾತಂತ್ರ್ಯ ಹೋಗುತ್ತದೆ. ಕರೆದಾಗ ಬರುತ್ತೇವೆ ಎಂಬ ಮಾತಿಗೇ ಗ್ರಾಹಕರು ಹಣ ಕೊಟ್ಟಿರುತ್ತಾರೆ. ದೂರವಾಣಿ ಕರೆಗಳ ದಟ್ಟಣೆಯನ್ನು ಕುರಿತು ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ 1909ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಸರತಿ ಸಾಲಿನ ಗಣಿತವೇ ಬೆಳೆದುಬಂದಿದೆ, ಅದು ನಮ್ಮ ಕೆಲಸಕ್ಕೂ ನೇರವಾಗಿ ಅನ್ವಯಿಸುತ್ತದೆ. ಒಬ್ಬನೇ ತಂತ್ರಜ್ಞನಿದ್ದು, ಕರೆಗಳು ಹೊತ್ತುಗೊತ್ತಿಲ್ಲದೆ ಬರುತ್ತಾ, ಒಂದೊಂದು ಕೆಲಸಕ್ಕೆ ಒಂದೊಂದು ಅವಧಿ ಹಿಡಿಯುವಾಗ, ಅವನ ಸಮಯದ ಶೇ. 50 ತುಂಬಿದ್ದರೆ ಗ್ರಾಹಕ ಸರಾಸರಿ ಒಂದು ಕೆಲಸದ ಅವಧಿಯಷ್ಟು ಕಾಯಬೇಕಾಗುತ್ತದೆ, ಶೇ. 80 ತುಂಬಿದ್ದರೆ ನಾಲ್ಕು ಕೆಲಸಗಳ ಅವಧಿ, ಶೇ. 90 ತುಂಬಿದ್ದರೆ ಒಂಬತ್ತು ಕೆಲಸಗಳ ಅವಧಿ. ಇಬ್ಬರಿದ್ದು ಕರೆಗಳನ್ನು ಹಂಚಿಕೊಂಡರೆ ಕಾಯುವಿಕೆ ಇದಕ್ಕಿಂತ ಕಡಿಮೆಯಾಗುತ್ತದೆ, ಆದರೆ ಸಮಯ ಪೂರ್ತಿ ತುಂಬುತ್ತಾ ಬಂದಂತೆ ಅಲ್ಲಿಯೂ ಅದು ಇದೇ ರೀತಿ ಒಮ್ಮೆಲೇ ಏರುತ್ತದೆ. ನಿಮ್ಮ ಇಬ್ಬರು ತಂತ್ರಜ್ಞರಿಗೆ ಈಗಲೇ ಬಿಡುವಿಲ್ಲದಿದ್ದರೆ, ಎಷ್ಟೇ ಒಳ್ಳೆಯ ದರ ಸಿಕ್ಕರೂ, ಮೂರನೆಯವರನ್ನು ಸೇರಿಸಿಕೊಳ್ಳದೆ ಒಪ್ಪಂದಕ್ಕೆ ಕೈಹಾಕಬೇಡಿ ಎಂದೇ ನಾನು ಹೇಳುತ್ತೇನೆ.

ಸಣ್ಣ ಸಂಸ್ಥೆಗಳ ಲೆಕ್ಕಪತ್ರ ನೋಡುವವರು

ಮುಂಗಡ ಹಣದ ಆಕರ್ಷಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಸಣ್ಣ ಸಂಸ್ಥೆಗಳು ಇಕ್ಕಟ್ಟಿಗೆ ಸಿಲುಕುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಇಲ್ಲಿಯೇ. ವರ್ಷದ ಮೊದಲಲ್ಲಿ ಕೈಸೇರಿದ ಹಣ ಆ ದಿನವೇ ಆದಾಯವಾಗುವುದಿಲ್ಲ. ಸೇವೆ ಕೊಟ್ಟು ಮುಗಿಸುವವರೆಗೆ ಅದು ನೀವು ಗ್ರಾಹಕರಿಗೆ ತೀರಿಸಬೇಕಾದ ಬಾಕಿ; ತಿಂಗಳು ಕಳೆದಂತೆ ಹನ್ನೆರಡರಲ್ಲಿ ಒಂದು ಪಾಲು ಮಾತ್ರ ನಿಮ್ಮದಾಗುತ್ತದೆ. ಆ ಹಣವನ್ನು ಬೇರೆ ಖಾತೆಯಲ್ಲಿಟ್ಟು ತಿಂಗಳಿಗೆ ಅಷ್ಟನ್ನೇ ತೆಗೆದುಕೊಳ್ಳುವ ಶಿಸ್ತು ಸಾಧ್ಯವಿಲ್ಲವೆಂದಾದರೆ, ಮುಂಗಡವು ಲಾಭದ ಕಾರಣವೆಂದು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನು, ನಿಮಗೆ ಒಪ್ಪಂದ ಕೇಳುತ್ತಿರುವವರು ಈಗಾಗಲೇ ನಿಮ್ಮ ಗ್ರಾಹಕರು. ಎಂದರೆ ಹೊಸ ಸೇವೆ ಹಳೆಯ ಆದಾಯವನ್ನೇ ತಿನ್ನಬಹುದು. ಬಿಡಿ ದುರಸ್ತಿಯಲ್ಲಿ ಒಬ್ಬ ಗ್ರಾಹಕರಿಂದ ಬಿಡಿಭಾಗ ಮತ್ತು ಓಡಾಟದ ಖರ್ಚು ಕಳೆದು ವರ್ಷಕ್ಕೆ 60 ಉಳಿಯುತ್ತಿದೆ, ಒಪ್ಪಂದದಲ್ಲಿ 30 ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಒಪ್ಪಂದಗಳಿಂದ 300 ಬರುತ್ತದೆ. ಅವುಗಳಲ್ಲಿ ಐದು ಹಳೆಯ ಗ್ರಾಹಕರದ್ದಾದರೆ ಕೈಬಿಟ್ಟುಹೋಗುವುದೂ 300, ಅಲ್ಲಿಗೆ ಗಳಿಕೆ ಸೊನ್ನೆ. ಆರನೆಯವರೂ ಹಳಬರಾದರೆ ಹತ್ತು ಸಹಿಗಳಿದ್ದೂ ನಷ್ಟ. ಹೊಸದರಲ್ಲಿ ಉಳಿಯುವುದನ್ನು ಹಳೆಯದರಲ್ಲಿ ಉಳಿಯುವುದರಿಂದ ಭಾಗಿಸಿದರೆ ಹಳಬರ ಪಾಲು ಎಷ್ಟರವರೆಗೆ ಇರಬಹುದು ಎಂಬುದು ಸಿಗುತ್ತದೆ. ಇದೇ ಮೊತ್ತವನ್ನು ತಂತ್ರಜ್ಞರ ಗಂಟೆಗಳಿಂದಲೂ ಭಾಗಿಸಿ ನೋಡಿ. ನಿಮ್ಮಲ್ಲಿ ಕೊರತೆಯಿರುವುದು ಅವರ ಸಮಯವಾದ್ದರಿಂದ, ಒಂದು ಗಂಟೆಗೆ ಎಷ್ಟು ಉಳಿಯುತ್ತದೆ ಎಂಬುದೇ ಎರಡು ಸೇವೆಗಳನ್ನು ಹೋಲಿಸುವ ಸರಿಯಾದ ಅಳತೆ.

ಮುದ್ರಣ ಘಟಕ ನಡೆಸುವವರು

ಮೇಲಿನ ಇಬ್ಬರ ಲೆಕ್ಕವನ್ನೂ ಒಪ್ಪುತ್ತೇನೆ, ಆದರೂ ಅದು ಪೂರ್ತಿಯಲ್ಲ ಎಂಬುದು ನನ್ನ ಅಭಿಪ್ರಾಯ. ನಾವು ಮುದ್ರಣದ ಜೊತೆಗೆ ಪುಟ ವಿನ್ಯಾಸದ ಕೆಲಸವನ್ನೂ ಸೇರಿಸಿಕೊಂಡೆವು. ಗಂಟೆಯ ಲೆಕ್ಕದಲ್ಲಿ ನೋಡಿದರೆ ವಿನ್ಯಾಸದಲ್ಲಿ ಉಳಿಯುವುದು ಮುದ್ರಣಕ್ಕಿಂತ ಕಡಿಮೆಯೇ. ಆದರೆ ಕಡತಗಳು ನಮ್ಮ ಯಂತ್ರಕ್ಕೆ ಹೊಂದುವಂತೆ ನಮ್ಮಲ್ಲಿಯೇ ಸಿದ್ಧವಾಗತೊಡಗಿದ ಮೇಲೆ, ಬಣ್ಣ ಮತ್ತು ಅಳತೆಯ ದೋಷಗಳಿಂದ ಮತ್ತೆ ಮುದ್ರಿಸಬೇಕಾಗುತ್ತಿದ್ದ ಪ್ರಮಾಣ ಬಹಳ ಇಳಿಯಿತು. ಹೊಸ ಸೇವೆ ತಾನಾಗಿ ಎಷ್ಟು ಗಳಿಸುತ್ತದೆ ಎನ್ನುವುದರ ಜೊತೆಗೆ, ಹಳೆಯ ಕೆಲಸವನ್ನು ಸುಲಭ ಮಾಡುತ್ತದೆಯೇ ಕಠಿಣ ಮಾಡುತ್ತದೆಯೇ ಎಂಬುದನ್ನೂ ಕೇಳಿಕೊಳ್ಳಬೇಕು.

ನಿಮ್ಮ ವಿಷಯದಲ್ಲಿ ಇದರ ಉತ್ತರ ಮುನ್ನೆಚ್ಚರಿಕೆಯ ಭೇಟಿಗಳಲ್ಲಿದೆ ಎಂದು ನನಗೆ ತೋರುತ್ತದೆ. ಕೆಟ್ಟ ಮೇಲೆ ಬರುವ ಕರೆಯ ಸಮಯವನ್ನು ಗ್ರಾಹಕರು ನಿಶ್ಚಯಿಸುತ್ತಾರೆ. ಶುಚಿ ಮಾಡುವ, ಸವೆದ ರೋಲರ್ ಬದಲಿಸುವ ಭೇಟಿಯ ಸಮಯವನ್ನು ನೀವು ನಿಶ್ಚಯಿಸಬಹುದು. ಕೆಲಸ ಕಡಿಮೆಯಿರುವ ದಿನಗಳಿಗೆ ಅಂಥ ಭೇಟಿಗಳನ್ನು ಹಾಕಿಕೊಂಡು, ಅದರಿಂದ ತುರ್ತು ಕರೆಗಳು ನಿಜಕ್ಕೂ ಇಳಿದರೆ, ಒಪ್ಪಂದವು ನಿಮ್ಮ ದುಡಿಮೆಯ ಏರಿಳಿತವನ್ನೇ ಸಮಗೊಳಿಸುತ್ತದೆ. ಇಳಿಯದಿದ್ದರೆ ಮೊದಲ ಉತ್ತರದಲ್ಲಿ ಹೇಳಿದ ಅಪಾಯವೇ ಉಳಿಯುತ್ತದೆ.

ಸೇವೆಯೊಂದನ್ನು ಆರಂಭಿಸಿ ನಿಲ್ಲಿಸಿರುವವರು

ಸೇರಿಸುವಾಗಲೇ ತೆಗೆಯುವ ದಾರಿಯನ್ನೂ ಯೋಚಿಸಿಡಿ. ದೊಡ್ಡ ಸಂಸ್ಥೆಗಳಿಗೂ ಇದು ತಪ್ಪಿದ್ದಲ್ಲ: ಆಟಿಕೆಗಳ ಲೆಗೋ ಕಂಪನಿ ಹಲವು ದಿಕ್ಕುಗಳಲ್ಲಿ ಚಾಚಿಕೊಂಡು ಭಾರೀ ನಷ್ಟಕ್ಕೆ ಸಿಲುಕಿದ ಮೇಲೆ, 2005ರಲ್ಲಿ ತನ್ನ ಥೀಮ್ ಪಾರ್ಕ್‌ಗಳ ಬಹುಪಾಲು ಒಡೆತನವನ್ನು ಮಾರಿ, ಬಿಡಿಭಾಗಗಳ ಬಗೆಗಳನ್ನೂ ಕಡಿತಗೊಳಿಸಿ ಚೇತರಿಸಿಕೊಂಡಿತು. ನಮ್ಮಂಥವರ ಬಳಿ ಮಾರುವುದಕ್ಕೆ ಪಾರ್ಕ್‌ಗಳಿಲ್ಲ, ಆದ್ದರಿಂದ ಪ್ರಯೋಗವೇ ಚಿಕ್ಕದಾಗಿರಲಿ.

ಎಲ್ಲರಿಗೂ ಪ್ರಕಟಿಸದೆ, ಯಂತ್ರಗಳ ವಯಸ್ಸಿನಲ್ಲಿ ಒಬ್ಬರಿಗಿಂತ ಒಬ್ಬರು ಭಿನ್ನರಾದ ನಾಲ್ಕೈದು ಗ್ರಾಹಕರಿಗೆ ಆರು ತಿಂಗಳ ಒಪ್ಪಂದ ಕೊಟ್ಟು ನೋಡಿ. ಮೊದಲು ಯಂತ್ರಗಳನ್ನು ಪರೀಕ್ಷಿಸಿ, ಅವುಗಳ ಕ್ರಮಸಂಖ್ಯೆಗಳನ್ನು ಒಪ್ಪಂದದಲ್ಲಿ ನಮೂದಿಸಿ. ದರದಲ್ಲಿ ಶ್ರಮ ಮಾತ್ರ ಸೇರಿದೆಯೇ, ಬಿಡಿಭಾಗಗಳೂ ಸೇರಿವೆಯೇ ಎಂಬುದು ಸ್ಪಷ್ಟವಾಗಿರಲಿ. ಆರಂಭದಲ್ಲಿ ಶ್ರಮ ಮಾತ್ರ ಸೇರಿಸುವುದು ಕ್ಷೇಮ. ಟೋನರ್, ಇಂಕ್‌ನಂಥ ಮುಗಿದುಹೋಗುವ ವಸ್ತುಗಳು ಹೊರಗಿರಲಿ. "ತಕ್ಷಣ" ಎಂಬ ಪದ ಬೇಡ, "ಮುಂದಿನ ಕೆಲಸದ ದಿನದೊಳಗೆ" ಎಂದು ಬರೆಯಿರಿ. ಎಷ್ಟು ಕರೆ ಮೀರಿದರೆ ಅಥವಾ ಗಂಟೆಗೆ ಉಳಿಯುವುದು ಎಷ್ಟಕ್ಕೆ ಇಳಿದರೆ ನಿಲ್ಲಿಸುತ್ತೇವೆ ಎಂಬುದನ್ನು ಆರಂಭಿಸುವ ಮೊದಲೇ ಬರೆದಿಟ್ಟುಕೊಳ್ಳಿ, ಏಕೆಂದರೆ ನಡುವೆ ಅದನ್ನು ನಿಶ್ಚಯಿಸಲು ಹೊರಟರೆ ಗ್ರಾಹಕರ ಮೇಲಿನ ದಾಕ್ಷಿಣ್ಯ ಅಡ್ಡ ಬರುತ್ತದೆ. ಉಳಿದ ತಿಂಗಳುಗಳ ಹಣವನ್ನು ಹಿಂದಿರುಗಿಸಿ ಒಪ್ಪಂದ ಮುಗಿಸುವ ಹಕ್ಕು ಇಬ್ಬರಿಗೂ ಇದೆ ಎಂಬ ಸಾಲು ಕೊನೆಯಲ್ಲಿರಲಿ, ಆ ಹಣ ಬೇರೆ ಖಾತೆಯಲ್ಲಿ ಸುರಕ್ಷಿತವಾಗಿದ್ದರೆ ಮಾತ್ರ ನೀವು ಆ ಸಾಲನ್ನು ನಡೆಸಿಕೊಡಬಲ್ಲಿರಿ.