ಮೋಟರ್‌ಹೋಮ್ ಹಿಂದೆ ಸಿಆರ್‌ವಿ ಕಟ್ಕೊಂಡು ಹೋಗೋಕೆ ನ್ಯೂಟ್ರಲ್ ಸಾಕಾ?

ಫ್ರೀಮಾಂಟ್ ಹೊಸಬ:
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ (ಮಲಗೋಕೆ, ಅಡುಗೆಗೆ ಜಾಗ ಇರೋ ಮನೆಗಾಡಿ) ತಗೊಂಡ್ವಿ, ಫೋರ್ಡ್ ಇ-450 ವ್ಯಾನಿನ ಚಾಸಿ ಮೇಲೆ ಕಟ್ಟಿದ್ದು. ಜೂನ್‌ನಲ್ಲಿ ಊರಿಂದ ಅಪ್ಪ ಅಮ್ಮ ಬರ್ತಾರೆ, ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್ ತೋರಿಸ್ಬೇಕು ಅಂತ ಆಸೆ. ಅಮ್ಮನಿಗೆ ಮಂಡಿ ನೋವು. ದೊಡ್ಡ ಗಾಡಿ ಕ್ಯಾಂಪ್‌ನಲ್ಲಿ ನಿಲ್ಲಿಸಿದ ಮೇಲೆ ಓಡಾಡೋಕೆ ಒಂದು ಕಾರು ಬೇಕೇ ಬೇಕು. ಮನೇಲಿ ಎರಡು ಹೋಂಡಾ ಸಿಆರ್‌ವಿ ಇವೆ: ನನ್ನದು 2013ರದ್ದು, ಹೆಂಡತಿಯದು 2019ರದ್ದು. ಎರಡೂ ಆಟೋಮ್ಯಾಟಿಕ್. ಹೊಸದನ್ನೇ ಒಯ್ಯೋಣ ಅಂತಾಳೆ ಅವಳು. ಗೆಳೆಯರೊಬ್ಬರು "ನ್ಯೂಟ್ರಲ್‌ಗೆ ಹಾಕಿ, ಟೋ ಬಾರ್ ಸಿಕ್ಕಿಸಿ ಹೊರಡು" ಅಂದ್ರು (ಟೋ ಬಾರ್ ಅಂದ್ರೆ ಕಾರನ್ನ ಹಿಂದೆ ಕಟ್ಟಿ ಎಳೆಯೋ ಕಬ್ಬಿಣದ ಕೊಂಡಿ). ಅಷ್ಟು ಸಲೀಸಾ?

ರೀನೋ ಮಾಮ:
2019ರ ಗಾಡಿ ಖಂಡಿತ ಕಟ್ಬೇಡಿ. ಈ ತಪ್ಪು ಮಾಡಿ ಅನುಭವಿಸಿದವನು ನಾನು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ನ್ಯೂಟ್ರಲ್ ಅಂದ್ರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ತು, ಅಷ್ಟೇ. ಚಕ್ರಕ್ಕೂ ಗೇರ್‌ಬಾಕ್ಸಿಗೂ ಸಂಬಂಧ ತಪ್ಪೋದಿಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಪಂಪ್ ತಿರುಗೋದು ಎಂಜಿನ್ನಿಂದ. ಎಳೆಯುವಾಗ ಎಂಜಿನ್ ಆಫ್, ಪಂಪೂ ಆಫ್. ಆದ್ರೆ ರಸ್ತೆ ಮೇಲಿನ ಚಕ್ರ ಒಳಗಿನ ಶಾಫ್ಟನ್ನ ಗಂಟೆಗಟ್ಟಲೆ ತಿರುಗಿಸ್ತಾನೇ ಇರುತ್ತೆ. ನೀರು ಹಾಕದೆ ಗ್ರೈಂಡರ್ ಓಡಿಸಿದ ಹಾಗೆ.

ನನ್ನದು ಮುಂದಿನ ಚಕ್ರದ ಡ್ರೈವ್ ಇರೋ ಆಟೋಮ್ಯಾಟಿಕ್ ಸೆಡಾನ್. ಟೋ ಬಾರ್ ಹಾಕಿಕೊಟ್ಟ ಅಂಗಡಿಯವರು ಏನೂ ಆಗಲ್ಲ ಅಂದ್ರು, ನಾನೂ ಮ್ಯಾನುಯಲ್ ತೆಗೆದು ನೋಡಲಿಲ್ಲ. ಮನೆಯಿಂದ ಸುಮಾರು 400 ಮೈಲಿ ಹೋಗಿ, ನೆವಾಡಾದ ವೆಲ್ಸ್ ದಾಟಿ ಜ್ಯಾಕ್‌ಪಾಟ್ ಅನ್ನೋ ಊರಲ್ಲಿ ಪೆಟ್ರೋಲಿಗೆ ನಿಲ್ಲಿಸಿದಾಗ ಕಾರಿನ ಹತ್ರ ಸೀದ ವಾಸನೆ. ಡ್ರೈವ್‌ಗೆ ಹಾಕಿದ್ರೆ ಎಂಜಿನ್ ಕೂಗುತ್ತೆ, ಗಾಡಿ ಕದಲಲ್ಲ. ಆಮೇಲೆ ಮೆಕ್ಯಾನಿಕ್ ನನ್ನ ಮುಂದೇನೇ ಎಣ್ಣೆ ಇಳಿಸಿದ. ಕೆಂಪಗಿರಬೇಕಾದ ಎಣ್ಣೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದ್ರೆ ಬೆಳ್ಳಿ ಪುಡಿ ಹಾಗೆ ಲೋಹ ಮಿನುಗ್ತಿತ್ತು. ಗೇರ್‌ಬಾಕ್ಸ್ ಪೂರ್ತಿ ಬದಲಾಯಿಸಬೇಕಾಯ್ತು.

ಈಗ ನಿಮ್ಮ ವಿಷಯ. ಇಲ್ಲಿ ಅಮೆರಿಕಾದಲ್ಲಿ ಸಿಆರ್‌ವಿಗೆ 2015ರಿಂದ ಸಿವಿಟಿ (ಗೇರುಗಳ ಬದಲು ಬೆಲ್ಟ್ ಇರೋ ಆಟೋಮ್ಯಾಟಿಕ್) ಬಂತು. ಅದನ್ನ ನಾಲ್ಕು ಚಕ್ರ ನೆಲದ ಮೇಲಿಟ್ಟು ಎಳೆಯೋ ಹಾಗಿಲ್ಲ. 2014ರವರೆಗಿನ ಐದು ಗೇರಿನ ಆಟೋಮ್ಯಾಟಿಕ್ ಮಾತ್ರ ಇದಕ್ಕೆ ಅಪವಾದ, ಅದಕ್ಕೆ ಹೋಂಡಾದವರೇ ಒಪ್ಪಿಗೆ ಕೊಟ್ಟಿದ್ದಾರೆ, ಆದ್ರೆ ಕ್ರಮ ತಪ್ಪಬಾರದು. ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ, ಡ್ರೈವ್‌ಗೆ ತಂದು 5 ಸೆಕೆಂಡ್ ಹಿಡಿದುಕೊಳ್ಳಿ. ಅಲ್ಲಿಂದ ನ್ಯೂಟ್ರಲ್‌ಗೆ ಬನ್ನಿ. 3 ನಿಮಿಷ ಎಂಜಿನ್ ಓಡಲಿ, ಆಮೇಲೆ ಆಫ್ ಮಾಡಿ. ಕೀಲಿ ಆಕ್ಸೆಸರಿಯಲ್ಲೇ ಇರಲಿ, ಇಲ್ಲದಿದ್ರೆ ಸ್ಟೀರಿಂಗ್ ಲಾಕ್ ಆಗುತ್ತೆ. ರಿವರ್ಸ್‌ನಿಂದ ಸೀದಾ ನ್ಯೂಟ್ರಲ್‌ಗೆ ತಂದು ಎಳೆದ್ರೆ ಗೇರ್‌ಬಾಕ್ಸ್ ಹಾಳಾಗುತ್ತೆ. ಜನ ಎಡವೋದು ಇಲ್ಲೇ. ದಿನಕ್ಕೆ 8 ಗಂಟೆಗಿಂತ ಜಾಸ್ತಿ ಎಳೆದ್ರೆ ಮಧ್ಯೆ ಇನ್ನೊಂದು ಸಲ ಇದೆಲ್ಲಾ ಮಾಡ್ಬೇಕು. ವೇಗ ಗಂಟೆಗೆ 65 ಮೈಲಿ ಮೀರಬಾರದು. ಕ್ಯಾಲಿಫೋರ್ನಿಯಾದಲ್ಲಂತೂ ಎಳೆಯೋ ಗಾಡಿಗೆ ಕಾನೂನೇ 55.

ಬಾಯ್ಸಿ ಗೃಹಿಣಿ:
ಮಾಮ ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೀನಿ. ಕಾರು ಕಟ್ಟಿದ್ದಾಗ ರಿವರ್ಸ್ ತಗೊಳ್ಳೋ ಹಾಗಿಲ್ಲ. ಮುಂದಿನ ಚಕ್ರ ಅಡ್ಡ ತಿರುಗಿ ಟೋ ಬಾರ್ ಬಾಗುತ್ತೆ. ಒಂದು ಸಣ್ಣ ಬಂಕ್ ಒಳಗೆ ನುಗ್ಗಿ, ಸುಡು ಬಿಸಿಲಲ್ಲಿ ಕಾರು ಬಿಚ್ಚಿ, ಹಿಂದೆ ತಗೊಂಡು, ಮತ್ತೆ ಕಟ್ಟಿದ್ದೀವಿ ನಾವು. ಈಗ ಟ್ರಕ್ಕುಗಳು ನಿಲ್ಲೋ ದೊಡ್ಡ ಬಂಕ್ ಮಾತ್ರ.

ಇನ್ನೊಂದು, ಕೀಲಿ ಆಕ್ಸೆಸರಿಯಲ್ಲಿದ್ರೆ ಬ್ಯಾಟರಿ ಇಳಿಯುತ್ತೆ. ಮ್ಯಾನುಯಲ್‌ನಲ್ಲಿ ಹೇಳಿರೋ ಫ್ಯೂಸ್ ತೆಗೀರಿ, ಇಲ್ಲಾ ಮೋಟರ್‌ಹೋಮ್‌ನಿಂದ ಚಾರ್ಜ್ ಲೈನ್ ಎಳೆಸಿ.

ಫ್ರೀಮಾಂಟ್ ಹೊಸಬ:
ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಗ್ಲವ್ ಬಾಕ್ಸ್‌ನಿಂದ ಮ್ಯಾನುಯಲ್ ತೆಗೆದೆ, ಮಾಮ ಹೇಳಿದ್ದು ಅಕ್ಷರಶಃ ಅಲ್ಲಿದೆ. ಹೆಂಡತಿ ಓದ್ತಾ ಹೋದಳು, ನಾನು ಡ್ರೈವ್‌ವೇಯಲ್ಲಿ ಮೂರು ಸಲ ಮಾಡಿ ನೋಡಿದೆ. 2013ರದ್ದೇ ಒಯ್ಯೋದು ಗಟ್ಟಿ. ಇನ್ನು ನನ್ನ ಹೆದರಿಕೆ ಎಲ್ಲಾ ದಾರೀಲಿ ಬರೋ ಡಾನರ್ ಘಾಟಿ ಇಳಿಯೋದು.

ರೀನೋ ಮಾಮ:
ಅಲ್ಲಿ 7,000 ಅಡಿ ಮೇಲಿಂದ ಇಳೀಬೇಕು. ಹೆದರಿಕೆ ಇರೋದು ಒಳ್ಳೇದೇ. ಕಾರಿನೊಳಗೆ ಕೂತು ಅದರ ಬ್ರೇಕ್ ಪೆಡಲ್ ತಾನೇ ಒತ್ತೋ ಪೆಟ್ಟಿಗೆ ಬರುತ್ತೆ, ಅದನ್ನ ಹಾಕಿಸಿ. ಕೊಂಡಿ ಕಳಚಿದ್ರೆ ಕಾರು ತಾನಾಗೇ ನಿಲ್ಲೋ ಬ್ರೇಕ್‌ಅವೇ ವೈರೂ ಬೇಕು. ಮೋಟರ್‌ಹೋಮ್‌ನ ಟೋ/ಹಾಲ್ ಬಟನ್ (ಭಾರ ಎಳೆಯುವಾಗಿನ ಗೇರ್ ಮೋಡ್) ಒತ್ತಿ ಕೆಳಗಿನ ಗೇರಲ್ಲಿ ಇಳೀರಿ. ಬಹುತೇಕ ಇ-450ಗಳಿಗೆ ಕಾರೂ ಸೇರಿ ಒಟ್ಟು ತೂಕದ ಮಿತಿ 22,000 ಪೌಂಡ್. ನೀರು ತುಂಬಿಸಿ, ಅಪ್ಪ ಅಮ್ಮನ್ನೂ ಕೂರಿಸ್ಕೊಂಡು ಟ್ರಕ್ ಸ್ಟಾಪ್ ಕಾಟಾ ಮೇಲೆ ಒಂದ್ಸಲ ತೂಕ ಹಾಕಿಸಿ. ಹೊರಡುವಾಗ ಕಾರಿನ ಹ್ಯಾಂಡ್‌ಬ್ರೇಕ್ ಬಿಟ್ಟಿದ್ದೀರಾ ನೋಡಿ. ಒಂದು ಮೈಲಿ ಹೋಗಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ರ ಕೈ ಹಿಡಿದು ನೋಡಿ. ಯಾವುದಾದ್ರೂ ಒಂದು ಬಿಸಿ ಹೊಡೀತಿದ್ರೆ ಮುಂದೆ ಹೋಗ್ಬೇಡಿ.